ಕನ್ನಡದ ಮೊದಲ ಪತ್ರಿಕೆಯನ್ನು ಕಲ್ಲಿನಲ್ಲಿ ಕೆತ್ತಿದ್ದರೇ? ಹರ್ಮನ್ ಮೋಗ್ಲಿಂಗ್ ಬದುಕು ಮತ್ತು ಕಲ್ಲಚ್ಚಿನ ವಿಜ್ಞಾನ

ಪ್ರತಿ ವರ್ಷ ಜುಲೈ 1 ಬಂತೆಂದರೆ ನಮ್ಮ ಮೊಬೈಲುಗಳಿಗೆ ಪತ್ರಿಕಾ ದಿನಾಚರಣೆಯ ಶುಭಾಶಯಗಳು ಸಾಲುಗಟ್ಟಿ ಬರುತ್ತವೆ. ಅವುಗಳ ಜೊತೆ ಒಂದು ಕಥೆಯೂ ಬರುತ್ತದೆ. ಕನ್ನಡದ ಮೊದಲ ಪತ್ರಿಕೆಯನ್ನು ಒಬ್ಬ ಜರ್ಮನ್ ಪಾದ್ರಿ ಕಲ್ಲಿನ ಮೇಲೆ ಉಳಿಯಿಂದ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಒತ್ತಿದರಂತೆ ಎಂಬ ಕಥೆ. ಕೆಲವು ಸಂದೇಶಗಳಲ್ಲಿ ಶಾಸನದ ಕಲ್ಲಿನ ಚಿತ್ರವೂ ಇರುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಈ ಕಥೆ ಸಹಜವಾಗಿಯೇ ಕಾಣುತ್ತದೆ. ಗುಡಿಗಳ ಮುಂದೆ ಶಾಸನದ ಕಲ್ಲುಗಳನ್ನು ನೋಡಿ ಬೆಳೆದವರು ನಾವು. ಕಲ್ಲು ಎಂದ ಕೂಡಲೇ ಉಳಿ, ಸುತ್ತಿಗೆಗಳೇ ನೆನಪಾಗುತ್ತವೆ.

ಆದರೆ ಈ ಕಥೆಯಲ್ಲಿ ಅರ್ಧ ನಿಜ, ಅರ್ಧ ತಪ್ಪು. ಪತ್ರಿಕೆ ಕಲ್ಲಿನಿಂದ ಅಚ್ಚಾದದ್ದು ನಿಜ. ಆ ಕಲ್ಲಿನಲ್ಲಿ ಒಂದು ಅಕ್ಷರವನ್ನೂ ಯಾರೂ ಕೆತ್ತಿರಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಉಳಿಯಲ್ಲ, ಎಣ್ಣೆ ಮತ್ತು ನೀರಿನ ಜಗಳ. ಅದನ್ನು ತಿಳಿದರೆ ಆ ಪಾದ್ರಿಯ ಬದುಕು ಅರ್ಥವಾಗುತ್ತದೆ. ಕೈಯಲ್ಲಿ ಬರೆದ ಚಿತ್ರವನ್ನು ಅಚ್ಚು ಹಾಕಲು ಇಂದು ಹೊಸದಾಗಿ ಕಲಿಯುವವರಿಗೂ ಒಂದು ದಾರಿ ಸಿಗುತ್ತದೆ. ಬನ್ನಿ, ಒಂದೊಂದಾಗಿ ನೋಡೋಣ.

ಯಾರು ಈ ಮೋಗ್ಲಿಂಗ್?

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ನಿನಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದಿದರು. ಆಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆ ಸೇರಿದರು. ಆ ಸಂಸ್ಥೆಯ ಮೊದಲ ತಂಡ ನಮ್ಮ ಕರಾವಳಿಗೆ ಬಂದದ್ದು 1834ರಲ್ಲಿ. ಮೋಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರ ಕೊನೆಗೆ. ಆಗ ಅವರ ವಯಸ್ಸು 25.

ಅವರು ಬಂದದ್ದು ಕನ್ನಡ ಸೇವೆಗೆಂದಲ್ಲ, ತಮ್ಮ ಧರ್ಮವನ್ನು ಸಾರಲು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಅವರನ್ನು ಬರೀ ಕನ್ನಡದ ಭಕ್ತ ಎಂದು ಹೊಗಳುವ ಸಂದೇಶಗಳೂ, ಬರೀ ಮತಾಂತರಿ ಎಂದು ತೆಗಳುವ ಸಂದೇಶಗಳೂ ಓಡಾಡುತ್ತವೆ. ಎರಡೂ ಅರ್ಧ ಚಿತ್ರವೇ. ಜನರ ಜೊತೆ ಮಾತಾಡಬೇಕಾದರೆ ಜನರ ಭಾಷೆ ಬೇಕು ಎಂದು ಅವರು ಕನ್ನಡ ಕಲಿತರು. ಧಾರವಾಡ, ಹುಬ್ಬಳ್ಳಿ ಸೀಮೆಯಲ್ಲೂ ಓಡಾಡಿದರು. ಮತ್ತೆ ಮಂಗಳೂರಿಗೆ ಬಂದು ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ನಿಂತರು.

ಪಾಠ ಹೇಳಲು ನಿಂತವರಿಗೆ ಮೊದಲು ಬೇಕಾದದ್ದು ಪುಸ್ತಕ. ಕನ್ನಡದಲ್ಲಿ ಪುಸ್ತಕಗಳೇನೂ ಕಡಿಮೆ ಇರಲಿಲ್ಲ. ಆದರೆ ಬಹುಪಾಲು ಓಲೆಗರಿಯಲ್ಲಿ ಇಲ್ಲವೇ ಕೈಬರಹದ ಕಾಗದದಲ್ಲಿ ಇದ್ದವು. ಒಂದು ಪ್ರತಿ ಬೇಕಾದರೆ ಒಬ್ಬರು ತಿಂಗಳುಗಟ್ಟಲೆ ಕೂತು ನಕಲು ಮಾಡಬೇಕು. ಗೆದ್ದಲು ಹತ್ತಿದರೆ, ಮನೆಗೆ ಬೆಂಕಿ ಬಿದ್ದರೆ, ಆ ಪ್ರತಿಯ ಕಥೆ ಮುಗಿಯಿತು.

ಆಗ ಕನ್ನಡದಲ್ಲಿ ಮುದ್ರಣವೇ ಇರಲಿಲ್ಲವೇ?

ಇತ್ತು. ಮೋಗ್ಲಿಂಗ್ ಅವರೇ ಮೊದಲು ಕನ್ನಡ ಅಚ್ಚು ಹಾಕಿದರು ಎಂಬ ಸಂದೇಶವೂ ತಪ್ಪು. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲೇ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಗಿತ್ತು. ಅದು ಸೀಸದ ಅಚ್ಚುಮೊಳೆಗಳಿಂದ ಆದ ಕೆಲಸ.

ಆದರೆ ಕನ್ನಡಕ್ಕೆ ಮೊಳೆ ಮಾಡುವುದು ಇಂಗ್ಲಿಷಿಗೆ ಮಾಡಿದಷ್ಟು ಸುಲಭವಲ್ಲ. ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರ 26, ಸಣ್ಣ ಅಕ್ಷರ 26, ಅಂಕಿ, ಚಿಹ್ನೆ, ಅಷ್ಟಾದರೆ ಕೆಲಸ ನಡೆಯುತ್ತದೆ. ಕನ್ನಡದಲ್ಲಿ ಕ, ಕಾ, ಕಿ, ಕೀ ಎಂದು ಕಾಗುಣಿತ ಬೆಳೆಯುತ್ತದೆ. ಅದರ ಕೆಳಗೆ ಒತ್ತಕ್ಷರ ಬೇರೆ. ಹೀಗೆ ನೂರಾರು ಬಗೆಯ ಮೊಳೆ ಬೇಕು. ಪ್ರತಿಯೊಂದಕ್ಕೂ ಉಕ್ಕಿನ ಅಚ್ಚು ಕೊರೆಯಬೇಕು, ಎರಕ ಹೊಯ್ಯಬೇಕು. ಖರ್ಚು ದೊಡ್ಡದು. ಮೊದಮೊದಲ ಮೊಳೆಗಳಲ್ಲಿ ಅಕ್ಷರದ ಅಂದವೂ ಇರಲಿಲ್ಲ, ಓದುವವರ ಕಣ್ಣಿಗೆ ಅವು ಒಗ್ಗುತ್ತಿರಲಿಲ್ಲ.

ಹಾಗಾಗಿ 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾದಾಗ ಅಲ್ಲಿಗೆ ಬಂದದ್ದು ಮೊಳೆಗಳಲ್ಲ. ಮೋಗ್ಲಿಂಗ್ ಅವರ ಜೊತೆಗಾರ ಗಾಟ್‌ಫ್ರೀಡ್ ವೈಗಲ್ ಬೊಂಬಾಯಿಯಿಂದ ಕಲ್ಲಚ್ಚಿನ ಯಂತ್ರ ತಂದರು. ಇಂಗ್ಲಿಷಿನಲ್ಲಿ ಇದನ್ನೇ ಲಿಥೋಗ್ರಾಫಿ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಲಿಥೋಸ್ ಎಂದರೆ ಕಲ್ಲು.

ಕಲ್ಲಚ್ಚು ಹುಟ್ಟಿದ್ದು ಹೇಗೆ?

ಕೆತ್ತಿದರು ಎಂಬ ತಪ್ಪು ಕಲ್ಪನೆಗೆ ಒಂದು ಸಣ್ಣ ಕಾರಣವೂ ಇದೆ. ಈ ವಿದ್ಯೆ ಕಂಡುಹಿಡಿದವರು ಅಲೋಯ್ಸ್ ಸೆನೆಫೆಲ್ಡರ್. ಹುಟ್ಟಿದ್ದು 1771ರಲ್ಲಿ, ಪ್ರಾಗ್ ನಗರದಲ್ಲಿ. ನಟನ ಮಗ, ತಾನೂ ನಾಟಕ ಬರೆಯುತ್ತಿದ್ದವರು. ತಮ್ಮ ನಾಟಕಗಳನ್ನು ಅಚ್ಚು ಹಾಕಿಸಲು ಕೈಯಲ್ಲಿ ಹಣವಿರಲಿಲ್ಲ. ಅಗ್ಗದ ದಾರಿ ಹುಡುಕುತ್ತಾ ಜರ್ಮನಿಯ ಬವೇರಿಯಾದ ನುಣುಪಾದ ಸುಣ್ಣಕಲ್ಲಿನ ಮೇಲೆ ಪ್ರಯೋಗಕ್ಕಿಳಿದರು.

1796ರ ಹೊತ್ತಿಗೆ ಅವರು ಮಾಡಿದ್ದು ಹೀಗೆ. ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದರು. ಮೇಲೆ ಆಮ್ಲ ಸುರಿದರು. ಬರೆಯದ ಜಾಗವನ್ನು ಆಮ್ಲ ತಿಂದು ಹಾಕಿತು, ಬರೆದ ಜಾಗ ಉಬ್ಬಿ ನಿಂತಿತು. ಇದು ಹೆಚ್ಚು ಕಡಿಮೆ ಕೆತ್ತಿದಂತೆಯೇ. ಆದರೆ 1798ರ ಸುಮಾರಿಗೆ ಅವರಿಗೆ ಇನ್ನೊಂದು ಹೊಳೆಯಿತು. ಉಬ್ಬು ತಗ್ಗು ಬೇಕಾಗಿಯೇ ಇಲ್ಲ. ಕಲ್ಲು ಪೂರ್ತಿ ಸಪಾಟಾಗಿದ್ದರೂ ಅಚ್ಚು ಬರುತ್ತದೆ. ನಿಜವಾದ ಕಲ್ಲಚ್ಚು ಹುಟ್ಟಿದ್ದು ಆಗ. ಮಂಗಳೂರಿಗೆ ಬಂದದ್ದೂ ಈ ಸಪಾಟು ಕಲ್ಲಿನ ವಿದ್ಯೆಯೇ.

ಕೆತ್ತದೆ ಅಕ್ಷರ ಮೂಡುವುದು ಹೇಗೆ?

ಇದನ್ನು ನಮ್ಮ ಮನೆಯ ಬಚ್ಚಲಿನಿಂದಲೇ ಅರ್ಥ ಮಾಡಿಕೊಳ್ಳೋಣ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ಹಚ್ಚಿದರೆ ನೊರೆ ಬರುವುದಿಲ್ಲ. ಬದಲಿಗೆ ಬಕೆಟ್ಟಿನ ಅಂಚಿಗೆ ಬಿಳಿ ಕೆನೆಯಂಥ ಜಿಡ್ಡು ಅಂಟುತ್ತದೆ. ನೀರು ಹಾಕಿ ತೊಳೆದರೂ ಅದು ಹೋಗುವುದಿಲ್ಲ. ಯಾಕೆ? ನೀರಿನಲ್ಲಿರುವ ಕ್ಯಾಲ್ಸಿಯಂ, ಸಾಬೂನಿನಲ್ಲಿರುವ ಕೊಬ್ಬಿನ ಆಮ್ಲದ ಜೊತೆ ಸೇರಿ, ನೀರಿನಲ್ಲಿ ಕರಗದ ಬೇರೆ ಬಗೆಯ ಸಾಬೂನು ಆಗುತ್ತದೆ.

ಕಲ್ಲಚ್ಚಿನಲ್ಲಿ ಆಗುವುದೂ ಇದೇ.

ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಅದರ ಮೇಲೆ ಮೇಣ, ಸಾಬೂನು, ಪ್ರಾಣಿಗಳ ಕೊಬ್ಬು, ದೀಪದ ಕಪ್ಪು ಸೇರಿಸಿ ಮಾಡಿದ ಮಸಿಯಿಂದ ಬರೆಯುತ್ತಾರೆ. ಆಮೇಲೆ ಗೋಂದಿನ ನೀರಿಗೆ ಸ್ವಲ್ಪವೇ ಸ್ವಲ್ಪ ನೈಟ್ರಿಕ್ ಆಮ್ಲ ಬೆರೆಸಿ ಕಲ್ಲಿಗೆಲ್ಲ ಬಳಿಯುತ್ತಾರೆ. ಬರೆದ ಜಾಗದಲ್ಲಿ ಕೊಬ್ಬು ಕಲ್ಲಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಬರೆಯದ ಜಾಗದಲ್ಲಿ ಗೋಂದಿನ ತೆಳು ಪದರ ಕೂರುತ್ತದೆ. ಕೊಬ್ಬು ಕೂತ ಜಾಗ ಎಣ್ಣೆಯನ್ನು ಕರೆಯುತ್ತದೆ, ಗೋಂದು ಕೂತ ಜಾಗ ನೀರನ್ನು ಕರೆಯುತ್ತದೆ.

ಈಗ ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ. ನೀರು ಖಾಲಿ ಜಾಗದಲ್ಲಿ ಮಾತ್ರ ನಿಲ್ಲುತ್ತದೆ. ಮೇಲೆ ಎಣ್ಣೆ ಮಸಿಯ ರೋಲರ್ ಉರುಳಿಸಿ. ಒದ್ದೆ ಜಾಗಕ್ಕೆ ಮಸಿ ಹತ್ತುವುದಿಲ್ಲ, ಬರಹಕ್ಕೆ ಮಾತ್ರ ಹತ್ತುತ್ತದೆ. ಕಾಗದ ಇಟ್ಟು ಒತ್ತಿದರೆ ಒಂದು ಪ್ರತಿ ಸಿದ್ಧ. ಮತ್ತೆ ಒರೆಸಿ, ಮತ್ತೆ ಮಸಿ, ಮತ್ತೊಂದು ಪ್ರತಿ. ಎಲ್ಲ ಪ್ರತಿ ಮುಗಿದ ಮೇಲೆ ಮರಳು, ನೀರು ಹಾಕಿ ಕಲ್ಲನ್ನು ತಿಕ್ಕಿದರೆ ಹಳೆಯ ಬರಹ ಅಳಿಸಿಹೋಗುತ್ತದೆ. ಅದೇ ಕಲ್ಲು ಮುಂದಿನ ಪುಟಕ್ಕೆ ತಯಾರು. ಕೆತ್ತಿದ್ದರೆ ಇದು ಸಾಧ್ಯವಾಗುತ್ತಿತ್ತೇ? ನೀವೇ ಯೋಚಿಸಿ.

ಇನ್ನೊಂದು ತೊಡಕು ಇದೆ. ಕಲ್ಲಿನ ಮೇಲಿನ ಬರಹ ಕಾಗದದಲ್ಲಿ ಕನ್ನಡಿಯಂತೆ ಉಲ್ಟಾ ಬೀಳುತ್ತದೆ. ಆದ್ದರಿಂದ ಕಲ್ಲಿನ ಮೇಲೆ ಅಕ್ಷರಗಳನ್ನು ಉಲ್ಟಾ ಬರೆಯಬೇಕು. ಇಲ್ಲವೇ ಅಂಟು ಬಳಿದ ವಿಶೇಷ ಕಾಗದದ ಮೇಲೆ ನೆಟ್ಟಗೆ ಬರೆದು, ಅದನ್ನು ಕಲ್ಲಿಗೆ ಒತ್ತಿ, ಬರಹವನ್ನು ಇಳಿಸಬೇಕು. ಈ ಎರಡನೆಯ ಉಪಾಯವೂ ಸೆನೆಫೆಲ್ಡರ್ ಅವರದೇ.

ಗೋಕಾಕ ಜಲಪಾತದ ಕಲ್ಲು ಆಗುತ್ತಿತ್ತೇ?

ಒಳ್ಳೆಯ ಪ್ರಶ್ನೆ. ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಬಂಡೆ ಎಷ್ಟು ಗಟ್ಟಿ ಎಂದು ನೋಡಿದವರಿಗೆಲ್ಲ ಗೊತ್ತು. ಅದು ಮರಳುಗಲ್ಲು ಮತ್ತು ಬೆಣಚುಗಲ್ಲಿನ ಜಾತಿ. ಗಟ್ಟಿಯೇನೋ ಹೌದು, ಆದರೆ ಕಲ್ಲಚ್ಚಿಗೆ ಬರುವುದಿಲ್ಲ. ಅದರಲ್ಲಿರುವುದು ಸಿಲಿಕಾ, ಸುಣ್ಣವಲ್ಲ. ಕೊಬ್ಬಿನ ಆಮ್ಲದ ಜೊತೆ ಕೂಡಿಕೊಳ್ಳಲು ಅಲ್ಲಿ ಕ್ಯಾಲ್ಸಿಯಂ ಇಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಕಲ್ಲಿನ ಚೂರಿನ ಮೇಲೆ ವಿನೆಗರ್ ಇಲ್ಲವೇ ನಿಂಬೆರಸದ ನಾಲ್ಕು ಹನಿ ಹಾಕಿ ನೋಡಿ. ಸುಣ್ಣಕಲ್ಲಾದರೆ ಸಣ್ಣ ಗುಳ್ಳೆ ಏಳುತ್ತವೆ. ಬೆಣಚುಗಲ್ಲಾದರೆ ಏನೂ ಆಗುವುದಿಲ್ಲ.

ಎಲ್ಲ ಸುಣ್ಣಕಲ್ಲೂ ಆಗುವುದಿಲ್ಲ. ಕಣ ಬಹಳ ನಯವಾಗಿರಬೇಕು, ಬಿರುಕು, ಗೆರೆ ಇರಬಾರದು. ಇದಕ್ಕೆ ಹೆಸರುವಾಸಿಯಾದದ್ದು ಬವೇರಿಯಾದ ಝೋಲ್ನ್‌ಹೋಫನ್ ಗಣಿಯ ಕಲ್ಲು. ಅದು ಎಷ್ಟು ನಯವೆಂದರೆ, ಸುಮಾರು 15 ಕೋಟಿ ವರ್ಷ ಹಿಂದಿನ ಹಕ್ಕಿಯಂಥ ಜೀವಿಯ ಗರಿಯ ಗುರುತು ಕೂಡ ಅದರಲ್ಲಿ ಅಚ್ಚಾಗಿ ಉಳಿದಿದೆ. 1861ರಲ್ಲಿ ಆ ಜೀವಿಗೆ ಕೊಟ್ಟ ಹೆಸರು ಆರ್ಕಿಯಾಪ್ಟೆರಿಕ್ಸ್ ಲಿಥೋಗ್ರಾಫಿಕಾ. ಅಚ್ಚಿನ ಕಲ್ಲಿನ ಹೆಸರೇ ಆ ಜೀವಿಗೂ ಅಂಟಿಕೊಂಡಿತು.

ಮಂಗಳೂರ ಸಮಾಚಾರ

ಈಗ ಮತ್ತೆ ಮೋಗ್ಲಿಂಗ್ ಅವರ ಕಡೆ ಬರೋಣ. 1843ರ ಜುಲೈ 1ರಂದು ಅವರ ಸಂಪಾದಕತ್ವದಲ್ಲಿ ಮಂಗಳೂರ ಸಮಾಚಾರ ಹೊರಬಂತು. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರಕಾರದ ಕಾನೂನು, ದೂರದ ದೇಶಗಳ ಸುದ್ದಿ, ಕಥೆ, ದಾಸರ ಪದ ಎಲ್ಲ ಅದರಲ್ಲಿ ಇರುತ್ತಿದ್ದವು. ಕರಾವಳಿ ದಾಟಿ ಮೈಸೂರು, ಬಳ್ಳಾರಿ, ಹುಬ್ಬಳ್ಳಿ ಕಡೆಗೂ ಪತ್ರಿಕೆ ಹೋಗುತ್ತಿತ್ತು.

ಆವರೆಗೆ ಸುದ್ದಿ ಎಂದರೆ ಸಂತೆಯಲ್ಲಿ ಕೇಳಿದ್ದು, ದಾರಿಹೋಕರು ಹೇಳಿದ್ದು. ಅದು ಬಾಯಿಂದ ಬಾಯಿಗೆ ಹೋಗುವಾಗ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಈಗಿನ ಫಾರ್ವರ್ಡುಗಳ ಹಾಗೆಯೇ ಎನ್ನಿ. ಒಂದೇ ಸುದ್ದಿ ಒಂದೇ ಮಾತಿನಲ್ಲಿ ಮಂಗಳೂರಿನವರಿಗೂ ಹುಬ್ಬಳ್ಳಿಯವರಿಗೂ ಕನ್ನಡದಲ್ಲಿ ಸಿಕ್ಕಿದ್ದು ದೊಡ್ಡ ಬದಲಾವಣೆ. ಆ ದಿನದ ನೆನಪಿಗೇ ಕರ್ನಾಟಕದಲ್ಲಿ ಜುಲೈ 1ರಂದು ಪತ್ರಿಕಾ ದಿನಾಚರಣೆ ನಡೆಯುತ್ತದೆ.

ಪತ್ರಿಕೆಯ ಆಯುಸ್ಸು ಮಾತ್ರ ಚಿಕ್ಕದು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ, ಕನ್ನಡ ಸಮಾಚಾರ ಎಂಬ ಹೊಸ ಹೆಸರಿನಲ್ಲಿ ಮೊಳೆಗಳಿಂದ ಅಚ್ಚಾಯಿತು. ಸ್ವಲ್ಪ ಕಾಲದಲ್ಲೇ ನಿಂತೂ ಹೋಯಿತು. ಅದೇ 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ಕ್ರೈಸ್ತ ಧರ್ಮಕ್ಕೆ ಸೇರಿದಾಗ ಊರಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಆ ತರುಣನ ಜೊತೆ ನಿಂತವರು ಮೋಗ್ಲಿಂಗ್. ಅವರ ಮೇಲೆ ಜನರಿಗೆ ಸಿಟ್ಟೂ ಇತ್ತು, ಅವರ ಕೆಲಸದ ಮೇಲೆ ಗೌರವವೂ ಇತ್ತು. ಎರಡೂ ಒಟ್ಟಿಗೇ ಇದ್ದವು.

ಓಲೆಗರಿಯಿಂದ ಕಲ್ಲಿಗೆ ಬಂದ ಪುರಾಣ

ನಮ್ಮ ಕಡೆ ಶ್ರಾವಣ ಬಂದರೆ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಸಂಜೆ ಹೊಲದಿಂದ ಬಂದು, ಮುಖ ತೊಳೆದುಕೊಂಡು, ಪುರಾಣ ಕೇಳಲು ಕೂರುವ ರೂಢಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಇಂದಿಗೂ ಇದೆ. ಪುರಾಣ ಹೇಳುವವರ ಮುಂದಿರುವ ಪುಸ್ತಕ ಓಲೆಗರಿಯಿಂದ ಕಾಗದಕ್ಕೆ ಬಂದ ದಾರಿಯಲ್ಲಿ ಮಂಗಳೂರಿನ ಕಲ್ಲೂ ಒಂದು ಮೆಟ್ಟಿಲು.

1848ರಿಂದ ಕೆಲವು ವರ್ಷಗಳ ಕಾಲ ಮೋಗ್ಲಿಂಗ್ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆ ತಂದರು. ಖರ್ಚಿಗೆ ನೆರವಾದವರು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಬಸವ ಪುರಾಣ, ಚನ್ನಬಸವ ಪುರಾಣ, ಜೈಮಿನಿ ಭಾರತ, ಕುಮಾರವ್ಯಾಸನ ಭಾರತ, ತೊರವೆ ರಾಮಾಯಣ, ದಾಸರ ಪದಗಳು, ಹೀಗೆ ದೊಡ್ಡ ದೊಡ್ಡ ಕೃತಿಗಳು ಕಲ್ಲಚ್ಚಿನಲ್ಲಿ ಹೊರಬಂದವು. ವೀರಶೈವರದ್ದು, ವೈಷ್ಣವರದ್ದು ಎಂಬ ಭೇದ ಆ ಮಾಲೆಯಲ್ಲಿ ಕಾಣುವುದಿಲ್ಲ.

ತಮ್ಮ ಧರ್ಮ ಸಾರಲು ಬಂದವರು ಬೇರೆ ಧರ್ಮದ ಪುರಾಣ ಯಾಕೆ ಅಚ್ಚು ಹಾಕಿದರು? ಜನರ ಮನಸ್ಸು ತಿಳಿಯಬೇಕಾದರೆ ಜನ ಓದುವುದನ್ನು ತಿಳಿಯಬೇಕು ಎಂಬುದು ಒಂದು ಕಾರಣ. ಒಳ್ಳೆಯ ಕನ್ನಡ ಕಲಿಯಬೇಕಾದರೆ ಒಳ್ಳೆಯ ಕನ್ನಡ ಗ್ರಂಥ ಬೇಕು ಎಂಬುದು ಇನ್ನೊಂದು. ಕಾರಣ ಏನೇ ಇರಲಿ, ನಕಲುಗಾರರ ಕೈಗೆ ಕಾಯುತ್ತಿದ್ದ ಗ್ರಂಥಗಳಿಗೆ ಒಮ್ಮೆಲೇ ಹತ್ತಾರು ಪ್ರತಿಗಳಾದವು. ಒಂದು ಪ್ರತಿ ಗೆದ್ದಲಿಗೆ ಹೋದರೆ ಇನ್ನೊಂದು ಉಳಿಯುತ್ತದೆ. ಒಂದು ಗ್ರಂಥ ಉಳಿಯುವುದಕ್ಕೂ ಅಳಿಯುವುದಕ್ಕೂ ಇರುವ ಅಂತರ ಇಷ್ಟೇ.

ಇಲ್ಲಿ ಕಲ್ಲಚ್ಚು ಇನ್ನೊಂದು ಅನುಕೂಲ ಮಾಡಿತು. ಒತ್ತಕ್ಷರ ಎಷ್ಟಿದ್ದರೂ ಚಿಂತೆಯಿಲ್ಲ. ಕೈ ಬರೆಯಬಲ್ಲದ್ದನ್ನೆಲ್ಲ ಕಲ್ಲು ಒತ್ತಬಲ್ಲದು. ಮೊಳೆ ಇಲ್ಲ ಎಂದು ಯಾವ ಅಕ್ಷರವನ್ನೂ ಬಿಡಬೇಕಾಗಲಿಲ್ಲ. ಓದುಗರಿಗೂ ಪರಿಚಿತ ಕೈಬರಹದ ರೂಪವೇ ಸಿಕ್ಕಿತು.

ಮುಂದೆ ವೈಗಲ್ ಅವರ ಶ್ರಮದಿಂದ ಯುರೋಪಿನಲ್ಲಿ ಅಂದವಾದ ಹೊಸ ಕನ್ನಡ ಮೊಳೆಗಳು ತಯಾರಾಗಿ 1850ರ ದಶಕದ ಆರಂಭದಲ್ಲಿ ಮಂಗಳೂರಿಗೆ ಬಂದವು. ಕಲ್ಲಿನ ಕೆಲಸ ನಿಧಾನಕ್ಕೆ ಹಿಂದೆ ಸರಿಯಿತು.

ಕೊನೆಯ ವರ್ಷಗಳು

ಮೋಗ್ಲಿಂಗ್ ಆಮೇಲೆ ಕೊಡಗಿಗೆ ಹೋದರು. 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಕೂರ್ಗ್ ಮೆಮೊಯರ್ಸ್ ಎಂಬ ಪುಸ್ತಕ ತಂದರು. ಅಲ್ಲಿ ಹೊಲೆಯ ಸಮುದಾಯದ ಬಡ ಕುಟುಂಬಗಳಿಗಾಗಿ ಆನಂದಪುರ ಎಂಬ ನೆಲೆ ಕಟ್ಟುವ ಕೆಲಸದಲ್ಲಿ ತೊಡಗಿದರು. ಜೊತೆಗಾರ ವೈಗಲ್ 1855ರಲ್ಲಿ ತೀರಿಹೋದರು. ಅವರ ಪತ್ನಿ ಪಾಲಿನ್ ಅವರನ್ನು ಮೋಗ್ಲಿಂಗ್ ಮದುವೆಯಾದರು, ಮಕ್ಕಳಿಗೂ ಆಸರೆಯಾದರು.

1858ರಲ್ಲಿ ಅವರ ಕನ್ನಡ ಕೆಲಸಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ ಜರ್ಮನಿಗೆ ಮರಳಿದರು. 1881ರ ಮೇ 10ರಂದು ಎಸ್ಲಿಂಗನ್ ಎಂಬ ಊರಿನಲ್ಲಿ, ತಮ್ಮ 70ನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ ತೀರಿಕೊಂಡರು.

ಸಂದೇಶಗಳಲ್ಲಿ ಇವರನ್ನು ಫರ್ಡಿನಾಂಡ್ ಕಿಟೆಲ್ ಅವರ ಜೊತೆ ಬೆರೆಸುವುದುಂಟು. ಇಬ್ಬರೂ ಬಾಸೆಲ್ ಮಿಷನ್ನಿನವರೇ, ಆದರೆ ಬೇರೆ ಬೇರೆ ವ್ಯಕ್ತಿಗಳು. ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ಮಂಗಳೂರ ಸಮಾಚಾರ ಶುರುವಾಗಿ ಹತ್ತು ವರ್ಷವಾದ ಮೇಲೆ. 1894ರ ದೊಡ್ಡ ಕನ್ನಡ–ಇಂಗ್ಲಿಷ್ ನಿಘಂಟು ಕಿಟೆಲ್ ಅವರದು.

ಹಾಗಾದರೆ ಅದು ಫೋಟೋ ತೆಗೆದು ಮಾಡಿದ ಅಚ್ಚೇ?

ಅದೂ ಅಲ್ಲ. ಫೋಟೋವನ್ನು ಕಲ್ಲಚ್ಚಿಗೆ ಜೋಡಿಸುವ ಫೋಟೋಲಿಥೋಗ್ರಾಫಿ ವಿದ್ಯೆಗೆ ದಾರಿ ತೆರೆದವರು ಫ್ರಾನ್ಸಿನ ಅಲ್ಫೋನ್ಸ್ ಪ್ವಾತೆವಾನ್, 1855ರಲ್ಲಿ. ಬೆಳಕು ಬಿದ್ದರೆ ಗಟ್ಟಿಯಾಗುವ ಲೇಪವನ್ನು ಕಲ್ಲಿಗೆ ಹಚ್ಚಿ ಅವರು ಚಿತ್ರ ಮೂಡಿಸಿದರು. ಮಂಗಳೂರ ಸಮಾಚಾರ ಅದಕ್ಕಿಂತ 12 ವರ್ಷ ಹಿಂದಿನದು. ಅಲ್ಲಿದ್ದದ್ದು ಮನುಷ್ಯರ ಕೈ ಮಾತ್ರ.

ಇಂದು ಗೋಕಾಕ, ಮೂಡಲಗಿ ಅಥವಾ ಹುಕ್ಕೇರಿಯಲ್ಲಿ ನೀವು ಆಫ್‌ಸೆಟ್ ಪ್ರೆಸ್ಸಿನಲ್ಲಿ ಮದುವೆ ಕಾರ್ಡ್ ಹಾಕಿಸಿದರೆ, ಅದು ಮೋಗ್ಲಿಂಗ್ ಅವರ ಕಲ್ಲಿನ ಮೊಮ್ಮಗನೇ. ಕಲ್ಲಿನ ಜಾಗಕ್ಕೆ ಅಲ್ಯೂಮಿನಿಯಂ ಪ್ಲೇಟ್ ಬಂದಿದೆ, ಕೈಬರಹದ ಜಾಗಕ್ಕೆ ಬೆಳಕು ಬಂದಿದೆ. ಎಣ್ಣೆ ನೀರಿನ ಜಗಳ ಮಾತ್ರ ಹಾಗೇ ಇದೆ. ಒಂದು ಸ್ವಾರಸ್ಯ ನೋಡಿ: ಆಫ್‌ಸೆಟ್ ಪ್ಲೇಟಿನ ಮೇಲೆ ಅಕ್ಷರ ನೆಟ್ಟಗೇ ಇರುತ್ತದೆ. ಮಸಿ ಮೊದಲು ರಬ್ಬರ್ ಹಾಳೆಗೆ ಹೋಗಿ ಉಲ್ಟಾ ಆಗುತ್ತದೆ, ಅಲ್ಲಿಂದ ಕಾಗದಕ್ಕೆ ಬಂದು ಮತ್ತೆ ಸರಿಯಾಗುತ್ತದೆ. ನಿಮ್ಮ ಕೈಯಲ್ಲಿರುವ ಮೊಬೈಲಿನ ಚಿಪ್ ಮಾಡುವ ವಿದ್ಯೆಗೂ ಫೋಟೋಲಿಥೋಗ್ರಾಫಿ ಎಂದೇ ಹೆಸರು. ಅಲ್ಲಿ ಎಣ್ಣೆ ನೀರು ಇಲ್ಲ, ಆದರೆ ಬೆಳಕಿನಿಂದ ಚಿತ್ರ ಇಳಿಸುವ ಉಪಾಯ ಅದೇ.

ಹೊಸಬರು ಮನೆಯಲ್ಲಿ ಮಾಡಿ ನೋಡಬಹುದೇ?

ಖಂಡಿತ. ಮೊದಲು ಅಡುಗೆಮನೆಯ ಕಲ್ಲಚ್ಚು ಮಾಡಿ.

1. ದಪ್ಪನೆಯ ಅಲ್ಯೂಮಿನಿಯಂ ಫಾಯಿಲ್ ಅನ್ನು ಗಟ್ಟಿ ಹಲಗೆಗೆ ಸುಕ್ಕಿಲ್ಲದಂತೆ ಸುತ್ತಿ. ಹೊಳಪಿಲ್ಲದ ಬದಿ ಮೇಲಿರಲಿ. ಬೆರಳು ತಾಗಿಸಬೇಡಿ. ಬೆರಳಿನ ಜಿಡ್ಡು ಕೂಡ ಅಚ್ಚಾಗುತ್ತದೆ.

2. ಒಣಗಿದ ಸಾಬೂನಿನ ತುಂಡಿನಿಂದ ಒಂದು ಚಿತ್ರ ಬರೆಯಿರಿ. ಅಕ್ಷರ ಬೇಡ, ಉಲ್ಟಾ ಬೀಳುತ್ತದೆ. ಒಂದು ಎಲೆ, ಒಂದು ಹಕ್ಕಿ ಸಾಕು.

3. ಮೇಲೆ ಕೋಲಾ ಪಾನೀಯ ಸುರಿದು ಕೆಲವು ಸೆಕೆಂಡು ಬಿಟ್ಟು ನೀರಿನಿಂದ ತೊಳೆಯಿರಿ. ಕೋಲಾದಲ್ಲಿ ಫಾಸ್ಫರಿಕ್ ಆಮ್ಲ ಇರುತ್ತದೆ, ಖಾಲಿ ಜಾಗವನ್ನು ನೀರಿಗೆ ಒಗ್ಗಿಸುವುದು ಅದೇ.

4. ಅಡುಗೆ ಎಣ್ಣೆ ಹಾಕಿದ ಬಟ್ಟೆಯಿಂದ ಸಾಬೂನಿನ ಚಿತ್ರವನ್ನು ಒರೆಸಿ. ಚಿತ್ರ ಹೋದಂತೆ ಕಾಣುತ್ತದೆ. ಹೆದರಬೇಡಿ, ಗುರುತು ಅಲ್ಲೇ ಇರುತ್ತದೆ.

5. ಸ್ಪಂಜಿನಿಂದ ನೀರು ಒರೆಸಿ, ಎಣ್ಣೆ ಆಧಾರಿತ ಮುದ್ರಣ ಶಾಯಿಯನ್ನು ರೋಲರಿನಿಂದ ತೆಳ್ಳಗೆ ಹಚ್ಚಿ. ನೀರಿನ ಬಣ್ಣ ನಡೆಯುವುದಿಲ್ಲ. ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿ.

ಮೊದಲ ಸಲ ಎಲ್ಲ ಕಪ್ಪಾಗಬಹುದು. ಹಾಗಾದರೆ ನೀರು ಕಡಿಮೆಯಾಗಿದೆ ಅಥವಾ ಶಾಯಿ ಹೆಚ್ಚಾಗಿದೆ ಎಂದರ್ಥ. ಚಿತ್ರವೇ ಬಾರದಿದ್ದರೆ ಸಾಬೂನಿನ ಗೆರೆ ತೆಳುವಾಗಿದೆ ಎಂದರ್ಥ. ನಾಲ್ಕೈದು ಸಲ ಮಾಡಿದರೆ ಕೈ ಹದ ಕಲಿಯುತ್ತದೆ.

ಇದು ಕೈಗೆ ಹತ್ತಿದ ಮೇಲೆ ಫೋಟೋಲಿಥೋಗೆ ಹೋಗಿ. ಪಾರದರ್ಶಕ ಹಾಳೆಯ ಮೇಲೆ ದಟ್ಟ ಕಪ್ಪು ಶಾಯಿಯಲ್ಲಿ ಚಿತ್ರ ಬರೆಯಿರಿ. ಮೊದಲೇ ಲೇಪ ಹಚ್ಚಿದ ಪಾಸಿಟಿವ್ ಪ್ಲೇಟಿನ ಮೇಲೆ ಅದನ್ನು ಒತ್ತಿ ಇಟ್ಟು ನೇರಳಾತೀತ ಬೆಳಕು ಬಿಡಬೇಕು. ಬೆಳಕು ಬಿದ್ದ ಕಡೆ ಲೇಪ ಡೆವಲಪರಿನಲ್ಲಿ ಕರಗಿ ಹೋಗುತ್ತದೆ. ನಿಮ್ಮ ಗೆರೆಯ ನೆರಳಿದ್ದ ಕಡೆ ಉಳಿಯುತ್ತದೆ, ಅಲ್ಲಿಗೇ ಶಾಯಿ ಹತ್ತುತ್ತದೆ. ಗೆರೆ ತೆಳು ಬೂದು ಬಣ್ಣದ್ದಾದರೆ ಬೆಳಕು ತೂರಿಬಂದು ಚಿತ್ರ ಅಳಿಸಿಹೋಗುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಹಾಳೆಯನ್ನು ಮಗುಚಿ ಇಟ್ಟರೆ ಉಲ್ಟಾ ತೊಂದರೆಯೂ ತಪ್ಪುತ್ತದೆ, ಅಕ್ಷರವನ್ನೂ ಧೈರ್ಯವಾಗಿ ಬರೆಯಬಹುದು.

ಎಚ್ಚರಿಕೆ: ಹಳೆಯ ವಿಧಾನ ತೋರಿಸುವ ಕೆಲವು ವಿಡಿಯೋಗಳಲ್ಲಿ ಪೊಟ್ಯಾಸಿಯಂ ಅಥವಾ ಅಮೋನಿಯಂ ಡೈಕ್ರೋಮೇಟ್ ಬಳಸುತ್ತಾರೆ. ಅದು ಕ್ಯಾನ್ಸರ್ ತರಬಲ್ಲ ರಾಸಾಯನಿಕ. ಮನೆಗೆ ತರಬೇಡಿ. ನೈಟ್ರಿಕ್ ಆಮ್ಲವೂ ಬೇಡ. ಲೇಪ ಹಚ್ಚಿದ ಪ್ಲೇಟ್ ಬಳಸುವಾಗಲೂ ಕೈಗವಸು, ಕನ್ನಡಕ ಇರಲಿ. ನೇರಳಾತೀತ ದೀಪವನ್ನು ನೇರವಾಗಿ ನೋಡಬೇಡಿ. ಮಕ್ಕಳಿಗೆ ಅಡುಗೆಮನೆಯ ವಿಧಾನವೇ ಸಾಕು, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ.

ಮನೆಯ ಹಳೆಯ ಪುಸ್ತಕ ಯಾವ ಅಚ್ಚಿನದು?

ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಪುರಾಣದ ಪುಸ್ತಕ ಸಿಕ್ಕಿದರೆ ಹೀಗೆ ನೋಡಿ. ಒಂದೇ ಪುಟದಲ್ಲಿ ಹತ್ತು ಕಡೆ ಬಂದ ಒಂದೇ ಅಕ್ಷರವನ್ನು ಭೂತಗನ್ನಡಿಯಲ್ಲಿ ಹೋಲಿಸಿ. ಹತ್ತೂ ಒಂದೇ ತೆರನಾಗಿದ್ದು, ಕಾಗದದ ಹಿಂಬದಿಯಲ್ಲಿ ಒತ್ತಿದ ಗುರುತು ಬೆರಳಿಗೆ ಸಿಕ್ಕರೆ ಅದು ಮೊಳೆ ಅಚ್ಚು. ಪ್ರತಿ ಅಕ್ಷರ ಸ್ವಲ್ಪ ಸ್ವಲ್ಪ ಬೇರೆಯಾಗಿ, ಕೈಬರಹದಂತೆ ಕಂಡು, ಕಾಗದ ಸಪಾಟಾಗಿದ್ದರೆ ಅದು ಕಲ್ಲಚ್ಚು ಇರಬಹುದು. ಅಂಥದ್ದು ಸಿಕ್ಕರೆ ರದ್ದಿಗೆ ಹಾಕಬೇಡಿ, ಲ್ಯಾಮಿನೇಷನ್ನೂ ಮಾಡಿಸಬೇಡಿ. ಒಣ ಜಾಗದಲ್ಲಿಟ್ಟು, ಹತ್ತಿರದ ಕಾಲೇಜಿನ ಕನ್ನಡ ಅಧ್ಯಾಪಕರಿಗೆ ತೋರಿಸಿ.

ಕೊನೆಗೆ, ನಿಜ ಇಷ್ಟು:

ಮಂಗಳೂರ ಸಮಾಚಾರ ಕಲ್ಲಿನಿಂದ ಅಚ್ಚಾಯಿತು – ನಿಜ.
ಕಲ್ಲಿನಲ್ಲಿ ಅಕ್ಷರ ಕೆತ್ತಿದರು – ತಪ್ಪು.
ಕೈಬರಹದ ಫೋಟೋ ತೆಗೆದು ಅಚ್ಚು ಹಾಕಿದರು – ತಪ್ಪು.
ಕನ್ನಡದ ಮೊದಲ ಮುದ್ರಣ ಮೋಗ್ಲಿಂಗ್ ಅವರದು – ತಪ್ಪು. ಮೊದಲ ಪತ್ರಿಕೆ ಅವರದು.

ಕೆತ್ತಿದರು ಎಂದರೆ ಅದು ಪವಾಡದಂತೆ ಕೇಳುತ್ತದೆ, ನಮ್ಮಿಂದಾಗದ ಕೆಲಸದಂತೆ ಕಾಣುತ್ತದೆ. ನಿಜದಲ್ಲಿ ಅದು ಸಾಬೂನು, ಗೋಂದು, ನೀರು ಮತ್ತು ತಾಳ್ಮೆಯ ಕೆಲಸ. ಮನಸ್ಸು ಮಾಡಿದರೆ ಮೂಡಲಗಿಯ ಶಾಲೆಯ ಹುಡುಗಿಯೂ ಕಲಿಯಬಹುದಾದ ಕೆಲಸ. ಮುಂದಿನ ಜುಲೈ 1ಕ್ಕೆ ಆ ಹಳೆಯ ಸಂದೇಶ ಮತ್ತೆ ಬಂದರೆ, ಮುಂದೆ ಕಳಿಸುವ ಮುನ್ನ ಉಳಿಯ ಕಥೆಯನ್ನು ಅಳಿಸಿ, ಎಣ್ಣೆ ನೀರಿನ ಕಥೆ ಸೇರಿಸಿ ಕಳಿಸಿ. ನಿಜವಾದ ಕಥೆ ಕೇಳಲೂ ಚೆನ್ನಾಗಿದೆ.